ರಕ್ತ ಕಾಣದ ಪೆಟ್ಟು

ಗಂಡ ಕುಡಿಯಲು ಕಲಿತಿದ್ದಾನೆಂದು ಯಾರಾದರೂ ಅಂದರೆ ಪೂವಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಅವಳ ಗಂಡ ವಸಂತ ಹದಿನೆಂಟು ವರ್ಷ ಮೂಡುಬಿದಿರೆ ಬಸ್ಸಿನ ಕಂಡಕ್ಟರ್. ಯಾರು ಎಲ್ಲಿ ಇಳಿಯುತ್ತಾರೆಂದು ಕೇಳದೆಯೇ ಸೀಟಿ ಊದುತ್ತಿದ್ದವನು. ಗುರುವಾಯನಕೆರೆಯಲ್ಲಿ ಬಸ್ಸಿನ ಮೆಟ್ಟಿಲಿನಿಂದ ಜಾರಿ ತಲೆ ಬಡಿದುಕೊಂಡ ಮೇಲೆ, ದಿನಾ ಬರುವ ಟೀಚರನ್ನೇ "ಎಲ್ಲಿಗೆ?" ಎಂದು ಕೇಳತೊಡಗಿದ. ಹಾರ್ನ್ ಕೇಳಿದರೆ ಕಿವಿ ಮುಚ್ಚಿಕೊಂಡು ಬೈಯುತ್ತಿದ್ದ. ಕುಡಿದು ಬರುತ್ತಾನೆಂದು ಬಸ್ಸಿನ ಮಾಲೀಕ ಒಂದು ಮಾತೂ ವಿಚಾರಿಸದೆ ಕೆಲಸದಿಂದ ತೆಗೆದ.

"ಏನೋ ಭೂತದ ಸೋಂಕು ಉಂಟು. ಜೋಯಿಸರಲ್ಲಿ ಕೇಳುವ," ಎಂದ ಪೂವಮ್ಮನ ಅಣ್ಣ ತುಕ್ರಪ್ಪ.

"ನಿನ್ನ ತಲೆ! ಬಿದ್ದದ್ದು ಅವರು, ಬುದ್ಧಿ ಹೋದದ್ದು ನಿಮಗೆಲ್ಲ!"

ಅಣ್ಣನನ್ನು ಬೈದವಳೇ ವಸಂತನನ್ನು ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ದಳು. ಸ್ಕ್ಯಾನ್ ನೋಡಿದ ಡಾಕ್ಟರಮ್ಮ, ಮಿದುಳಿಗೇ ಪೆಟ್ಟಾಗಿದೆ ಎಂದರು.

"ಬಿದ್ದ ದಿನ ವಾಂತಿ ಮಾಡಿದ್ರಾ?"

"ಎರಡು ಸಲ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳ್ತಿದ್ರು."

"ಅದೇ ಗುರುತಮ್ಮ. ಕೂಡಲೇ ಕರ್ಕೊಂಡು ಬರ್ಬೇಕಿತ್ತು. ಯಾರೂ ಹೇಳ್ಲಿಲ್ವಾ?"

ಊರಿನವರನ್ನೆಲ್ಲ ಬೈಯಲು ಬಾಯಿ ತೆರೆದ ಪೂವಮ್ಮನಿಗೆ ಫಕ್ಕನೆ ನೆನಪಾಯಿತು. ಹೇಳಿದ್ದರು. ಆ ದಿನ ವಸಂತನನ್ನು ಮನೆಗೆ ತಂದು ಬಿಟ್ಟ ಅದೇ ಬಸ್ಸಿನ ಡ್ರೈವರ್ ಅಣ್ಣು ಅಂಗಳ ಬಿಟ್ಟು ಕದಲದೆ, ಆಸ್ಪತ್ರೆಗೆ ಹೋಗುವ ಎಂದು ಗೋಗರೆದಿದ್ದ.

"ಒಂದು ತೊಟ್ಟು ರಕ್ತ ಬರ್ಲಿಲ್ಲ ಮಾರಾಯ. ಒಂದು ನಿದ್ದೆ ಮಾಡಿದ್ರೆ ಸರಿಯಾಗ್ತದೆ. ಅವರನ್ನು ಎಬ್ಬಿಸ್ಬೇಡ," ಎಂದು ಗದರಿಸಿ ಬಾಗಿಲು ಹಾಕಿಕೊಂಡವಳು ಅವಳೇ.