ಗಟ್ಟಿ ಕೈಯ ತಂಗಿ

ಮೊದಲು ಬಿಗಿದದ್ದು ಬಲಗೈಯ ಬೆರಳುಗಳು. ಬೆಳಿಗ್ಗೆ ಎದ್ದು ಜೋಳದ ಹಿಟ್ಟಿಗೆ ಬಿಸಿನೀರು ಸುರಿದು ನಾದಲು ಹೋದೆ. ಮುಷ್ಟಿ ಮುಚ್ಚಲಿಲ್ಲ. ಚಳಿಗೆ ಹೀಗಾಗಿರಬೇಕು ಅಂದುಕೊಂಡೆ. ಎಣ್ಣೆ ಹಚ್ಚಿದೆ, ಶಾಖ ಕೊಟ್ಟೆ, ದೇವರಿಗೂ ನಾಲ್ಕು ಬೈದೆ. ಕೆಲವೇ ವಾರಗಳಲ್ಲಿ ಎರಡೂ ಮಣಿಕಟ್ಟು ಊದಿ, ಕುಪ್ಪಸದ ಹುಕ್ಕು ಹಾಕಿಕೊಳ್ಳಲೂ ಇನ್ನೊಬ್ಬರು ಬೇಕಾದರು.

ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಸಂಧಿವಾತ ಎಂದರು ಶಿವಾಜಿನಗರದ ಕಡೆಯ ಆಸ್ಪತ್ರೆಯ ಡಾಕ್ಟರು. "ಪೂರ್ತಿ ವಾಸಿ ಆಗೋ ಕಾಯಿಲೆ ಅಲ್ಲಮ್ಮ. ಮಾತ್ರೆ ತಗೊಂಡ್ರೆ ಕಂಟ್ರೋಲ್‌ನಲ್ಲಿ ಇರುತ್ತೆ."

ನಾವು ಯಾದಗಿರಿ ಕಡೆಯವರು. ಕಗ್ಗದಾಸಪುರದಲ್ಲಿ ಬಾಡಿಗೆ ರೂಮು. ಗಂಡ ಗೌಂಡಿ ಕೆಲಸಕ್ಕೆ ಹೋಗುತ್ತಾರೆ, ನಾನು ನಮ್ಮ ಕಡೆಯಿಂದ ದುಡಿಯಲು ಬಂದ ಹುಡುಗರಿಗೆ ರೊಟ್ಟಿ ಬಡಿದು ಕೊಡುತ್ತಿದ್ದೆ. 'ರೊಟ್ಟಿ ಅಕ್ಕನ ಮನೆ ಎಲ್ಲಿ' ಎಂದರೆ ಓಣಿಯಲ್ಲಿ ಯಾರು ಬೇಕಾದರೂ ತೋರಿಸುತ್ತಿದ್ದರು. ಕೈ ಹೋದ ಮೇಲೆ, ಪಕ್ಕದ ರೂಮಿನಲ್ಲಿದ್ದ ನನ್ನ ತಂಗಿ ನಿಂಗಮ್ಮ ಕರೆಯದೇ ಬಂದು ನನ್ನ ಒಲೆಯ ಮುಂದೆ ಕೂತಳು. ಪಟಪಟ ಬಡಿದಳು. ತೆಳ್ಳಗೆ, ದುಂಡಗೆ, ಒಂದೂ ಹರಿಯದ ಹಾಗೆ.

"ಇವತ್ತ ರೊಟ್ಟಿ ಭಾಳ ಮೆತ್ತಗ ಆಗ್ಯಾವ," ಅಂದರು ನನ್ನ ಗಂಡ.

ನಾನು ಮುರಿದ ರೊಟ್ಟಿಯನ್ನು ತಟ್ಟೆಗೆ ವಾಪಸು ಇಟ್ಟೆ. ಉಪಕಾರ ಮಾಡುತ್ತಿದ್ದಾಳೆ, ಗೊತ್ತು. ದುಡ್ಡೆಲ್ಲ ನನ್ನ ಕೈಗೇ ತಂದಿಡುತ್ತಾಳೆ, ಅದೂ ಗೊತ್ತು. ಆದರೂ ಅವಳ ಬೆರಳುಗಳನ್ನು ನೋಡಿದರೆ ಹೊಟ್ಟೆಯಲ್ಲಿ ಕಿಚ್ಚು ಹತ್ತುತ್ತಿತ್ತು. ಒಂದೇ ತಾಯಿಯ ಹೊಟ್ಟೆ, ಒಂದೇ ಊರಿನ ನೀರು. ರೋಗಕ್ಕೆ ನಾನೇ ಬೇಕಾಗಿತ್ತಾ? ಉಪ್ಪು ಹೆಚ್ಚಾಯಿತು, ಅಂಚು ಸೀದಿತು ಎಂದು ಸುಮ್ಮಸುಮ್ಮನೆ ಕೊಂಕು ತೆಗೆಯುತ್ತಿದ್ದೆ. ಅವಳು ನಗುತ್ತಿದ್ದಳು. ಆ ನಗು ಇನ್ನೂ ಉರಿಸುತ್ತಿತ್ತು.

ಒಂದು ದಿನ ಹೊಸ ಹುಡುಗನೊಬ್ಬ ಬಾಗಿಲಲ್ಲಿ ನಿಂತು, ಅವಳನ್ನೇ 'ರೊಟ್ಟಿ ಅಕ್ಕ' ಎಂದು ಕರೆದ.

ಆಸ್ಪತ್ರೆಯ ಗೋಡೆಯ ಮೇಲೆ ಒಂದು ಚೀಟಿ ಅಂಟಿಸಿದ್ದರು. ಯೂನಿವರ್ಸಿಟಿಯವರ ಸ್ಟಡಿಗೆ ಸ್ವಯಂಸೇವಕರು ಬೇಕಾಗಿದ್ದಾರೆ ಎಂದು. ಸ್ಟಡಿಯ ಹುಡುಗಿ ಸಮಾಧಾನವಾಗಿ ತಿಳಿಸಿ ಹೇಳಿದಳು: "ಇದ್ರಿಂದ ನಿಮ್ ಟ್ರೀಟ್‌ಮೆಂಟ್ ಏನೂ ಬದಲಾಗಲ್ಲಮ್ಮ. ಮುಂದೆ ಈ ಕಾಯಿಲೆ ಬರೋರಿಗೆ ಉಪಯೋಗ ಆಗ್ಬಹುದು, ಅಷ್ಟೇ. ಇಷ್ಟ ಇಲ್ಲ ಅಂದ್ರೆ ಬೇಡ." ನಾನು ತಟ್ಟನೆ ಒಪ್ಪಿದೆ. ನನ್ನ ಕೈಯನ್ನು ಬೇಕು ಅನ್ನುವವರು ಒಬ್ಬರಾದರೂ ಸಿಕ್ಕರಲ್ಲ!

"ಇನ್ನೊಂದು ವಿಷಯ. ಹೋಲಿಸಿ ನೋಡೋಕೆ, ಕಾಯಿಲೆ ಇಲ್ದೇ ಇರೋ ನಿಮ್ ಅಕ್ಕನೋ ತಂಗಿನೋ ಒಬ್ರು ಜೊತೆಗೆ ಬೇಕು."

ಇಲ್ಲಿಗೂ ಅವಳೇ.

ಹೇಳಿದ ಕೂಡಲೇ ನಿಂಗಮ್ಮ ಹೊಸ ಸೀರೆ ಉಟ್ಟು ಹೊರಟಳು. ರಕ್ತ ತೆಗೆದರು. ಅವಳ ಕೀಲುಗಳನ್ನು ಒಂದೊಂದಾಗಿ ಒತ್ತಿ ನೋಡಿ, "ಸೂಪರ್ ಆಗಿದೆ ನಿಮ್ ಕೈ" ಎಂದಳು ಹುಡುಗಿ. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಕೊನೆಗೆ ಹಿಡಿತದ ಬಲ ಅಳೆಯುವ ಒಂದು ಯಂತ್ರ ತಂದರು. ಹಿಡಿ ಇದೆ, ಬಿಗಿಯಾಗಿ ಅಮುಕಬೇಕು, ಮುಳ್ಳು ಏರುತ್ತದೆ. ನಾನು ಹಲ್ಲು ಕಚ್ಚಿ ಅಮುಕಿದೆ. ಮುಳ್ಳು ಸ್ವಲ್ಪ ಅಲ್ಲಾಡಿ ನಿಂತಿತು. ಕಣ್ಣಲ್ಲಿ ನೀರು ಬಂತು.

ನಂತರ ನಿಂಗಮ್ಮ. ಅವಳ ಮುಳ್ಳೂ ನನ್ನದು ನಿಂತಲ್ಲೇ ನಿಂತಿತು.

ಹುಡುಗಿ ಹುಬ್ಬು ಗಂಟಿಕ್ಕಿದಳು. "ನಿಮ್ಗೂ ಕೈ ನೋವಿದೆಯಾ?"

"ಇಲ್ಲರಿ ಮೇಡಂ. ನನಗ ಇಷ್ಟೇ ಶಕ್ತಿ."

ತುಂಬಿದ ಗ್ಯಾಸ್ ಸಿಲಿಂಡರ್ ಹೊತ್ತು ಮೂರನೇ ಮಹಡಿ ಏರುವವಳು! ನನ್ನ ಮುಖ ನೋಡಿ, ಬೇಕೆಂದೇ ಕೈ ಸಡಿಲ ಬಿಟ್ಟಿದ್ದಳು. ಅಕ್ಕನ ಮುಂದೆ ಗೆಲ್ಲಬಾರದು ಅಂತ. ನನಗೆ ರೇಗಿಹೋಯಿತು. ಅವಳ ಬಲದ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದು ಸಾಕಾಗಿತ್ತು, ಈಗ ಅವಳ ಕರುಣೆ ಬೇರೆ.

"ಏ ನಿಂಗೀ! ನಾಟಕ ಮಾಡಬ್ಯಾಡ. ನೀ ಸುಳ್ಳು ಹಿಡದ್ರ ನನ್ನ ರೋಗಾನೂ ಸುಳ್ಳಾಗ್ತದ. ಜೀವ ಬಿಟ್ಟು ಹಿಡಿ!"

ಅವಳು ಬೆಚ್ಚಿದಳು. ತುಟಿ ಕಚ್ಚಿ ಅಮುಕಿದಳು. ಮುಳ್ಳು ಸರ್ರನೆ ಏರಿತು, ಏರುತ್ತಲೇ ಹೋಯಿತು. ನನ್ನ ಹೊಟ್ಟೆ ಆಗಲೂ ಉರಿಯಿತು. ಜೊತೆಗೇ, ನಮ್ಮವ್ವನ ಮಗಳು ನೋಡ ನೀ ಎಂದು ಹೆಮ್ಮೆಯೂ ಆಯಿತು. ಎರಡನ್ನೂ ಬೇರೆ ಮಾಡಲು ನನಗೆ ಇವತ್ತಿಗೂ ಆಗಿಲ್ಲ.

ಈಗ ಮಾತ್ರೆ ಸ್ವಲ್ಪ ಹಿಡಿದಿದೆ. ಚಹಾದ ಲೋಟ ನಾನೇ ಎತ್ತಿಕೊಳ್ಳುತ್ತೇನೆ. ರೊಟ್ಟಿ ಬಡಿಯುವ ಕೈ ಮರಳಿ ಬರುತ್ತದೋ ಇಲ್ಲವೋ, ಡಾಕ್ಟರೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ.

ಸ್ಟಡಿಗೆ ಹೋಗಿದ್ದ ದಿನ ವಾಪಸು ಬರುವಾಗ ಬಸ್ಸಿನಲ್ಲಿ ನಿಂಗಮ್ಮ ಕೇಳಿದ್ದಳು. "ಯಕ್ಕಾ, ನನ್ನ ಮ್ಯಾಲ ಸಿಟ್ಟದ ಏನು?"

"ಸಿಟ್ಟಲ್ಲ. ಹೊಟ್ಟಿಕಿಚ್ಚು. ನೀ ನನ್ನ ಒಲಿ ಮುಂದ ಕುಂತಾಗಿಂದ."

"ಗೊತ್ತದ ನನಗ."

"ಗೊತ್ತಿದ್ದೂ ಯಾಕ ದಿನಾ ಬಂದು ಬಡೀತಿದ್ದಿ?"

ನಿಂಗಮ್ಮ ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದಳು.

"ಮತ್ತ ನೀ ಏನ್ ಉಣ್ತಿದ್ದಿ?"