ಅಕ್ಕನ ಕೊರಳಲ್ಲಿ ತಲೆಕೆಳಗಾದ ಬಾದಶಹ

ತಪ್ಪು ಕಂಡರೆ ಸುಮ್ಮನಿರುವ ಜಾಯಮಾನ ಅವನದಲ್ಲ. ಮುದ್ರಣಾಲಯದಲ್ಲಿ ಕರಡು ತಿದ್ದುವುದು ಅವನ ಕೆಲಸ. ಆ ಕೆಲಸವನ್ನು ಅಲ್ಲೇ ಮೇಜಿನ ಮೇಲೆ ಬಿಟ್ಟು ಮನೆಗೆ ಬಂದಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ಆದರೆ ಅವನು ಅಂಗಡಿಯ ಬೋರ್ಡು ತಿದ್ದಿದ, ಬಸ್ಸಿನ ಟಿಕೀಟು ತಿದ್ದಿದ, ಕೊನೆಗೆ ಹೆಂಡತಿ ಬಾಗಿಲಿಗೆ ಸಿಕ್ಕಿಸಿ ಹೋಗಿದ್ದ 'ಬೀಗದ ಕೈ ಪಕ್ಕದ ಮನೇಲಿದೆ' ಎಂಬ ಚೀಟಿಯನ್ನೂ ಕೆಂಪು ಪೆನ್ನಿನಲ್ಲಿ ತಿದ್ದಿ, ಆಮೇಲೆಯೇ ಪಕ್ಕದ ಮನೆಗೆ ಹೋದ. ನೆಂಟರಿಷ್ಟರು ಸೇರಿ ಅವನಿಗೆ ತಿದ್ದಪ್ಪ ಎಂದು ಹೆಸರಿಟ್ಟರು. ಆ ಹೆಸರಿನಲ್ಲಿ ಮಾತ್ರ ಅವನಿಗೆ ತಿದ್ದಲು ಏನೂ ಸಿಗಲಿಲ್ಲ.

ಇಂಥವನಿಗೆ ಹಳೇ ನಾಣ್ಯದ ಹುಚ್ಚು. ಅದೂ ಎಲ್ಲ ನಾಣ್ಯವಲ್ಲ, ಕಂಪನಿ ಸರಕಾರದ ಕಾಲದ, ಪಾರಸಿ ಅಕ್ಷರಗಳ ಬೆಳ್ಳಿ ರೂಪಾಯಿ ಮಾತ್ರ. ಯಾರಾದರೂ ರಾಣಿಯ ಮುಖವಿರುವುದನ್ನು ತಂದುಕೊಟ್ಟರೆ "ಇದ್ರಲ್ಲಿ ಓದೋಕೇನಿದೆ?" ಎಂದು ವಾಪಸು ಕೊಡುತ್ತಿದ್ದ. ಪಾರಸಿಯನ್ನು ಅವನು ಕಲಿತದ್ದೂ ನಾಣ್ಯಗಳಿಂದಲೇ. ಹಾಗಾಗಿ ಬಾದಶಹ, ನಾಣ್ಯ, ಪಟ್ಟವೇರಿದ ವರ್ಷ, ಇವಿಷ್ಟನ್ನು ನೀರು ಕುಡಿದಷ್ಟು ಸಲೀಸಾಗಿ ಓದುತ್ತಿದ್ದ. ಬೇರೇನು ಕೊಟ್ಟರೂ ಕಕ್ಕಾಬಿಕ್ಕಿ. ಪಕ್ಕದ ಮನೆಯವರು ಒಮ್ಮೆ ಪಾರಸಿ ಬರಹದ ಖರ್ಜೂರದ ಡಬ್ಬಿ ತಂದು, ಇದು ಯಾವಾಗ ತಯಾರಾದದ್ದು ನೋಡಿ ಹೇಳಿ ಎಂದಾಗ, ಕನ್ನಡಕವನ್ನು ಎರಡು ಸಲ ಒರೆಸಿ, "ಇದ್ರಲ್ಲಿ ಬಾದಶಹನ ಹೆಸರಿಲ್ಲ" ಎಂದು ಸಿಡುಕಿ ಕಳಿಸಿದ್ದ.

ಆ ನಾಣ್ಯಗಳಾದರೂ ಅವನಿಗೆ ನೆಮ್ಮದಿ ಕೊಟ್ಟವೇ? ಅದೂ ಇಲ್ಲ. ಟಂಕಸಾಲೆಯವರ ಅಚ್ಚು ದೊಡ್ಡದು, ಬೆಳ್ಳಿಯ ಬಿಲ್ಲೆ ಚಿಕ್ಕದು. ಒಂದೊಂದು ರೂಪಾಯಿಯಲ್ಲೂ ಅರ್ಧ ಸಾಲು ಹೊರಗೇ ಉಳಿದುಹೋಗಿದೆ. ಸಾಲದ್ದಕ್ಕೆ, ಬಾದಶಹ ಸತ್ತು ಮಣ್ಣಾದ ಮೇಲೂ ಕಂಪನಿಯವರು ಅವನ ಹೆಸರನ್ನೇ, ಅದೇ ಹಳೇ ವರ್ಷವನ್ನೇ ಒತ್ತುತ್ತ ಹೋಗಿದ್ದಾರೆ.

"ಅಷ್ಟು ದೊಡ್ಡ ಕಂಪನಿ! ಕರಡು ನೋಡೋಕೆ ಒಬ್ಬನ್ನ ಇಟ್ಕೊಳ್ಳೋಕೆ ಆಗ್ಲಿಲ್ವಾ ಇವರಿಗೆ?"

"ರೀ, ಸತ್ತೋರ ಮೇಲಾದ್ರೂ ಸಿಟ್ಟು ಬಿಡಿ," ಎನ್ನುತ್ತಿದ್ದಳು ಹೆಂಡತಿ. "ನನ್ನ ಸಕ್ಕರೆ ಡಬ್ಬಿ ಎಲ್ಲಿ ಅಂತ ಮೊದಲು ಹೇಳಿ." ಸಕ್ಕರೆ ಡಬ್ಬಿಯಲ್ಲಿ, ಹಳೇ ಕರಡು ಹಾಳೆಯ ಪೊಟ್ಟಣಗಳೊಳಗೆ, ಬಾದಶಹರು ಮಲಗಿರುತ್ತಿದ್ದರು.

ಇವೆಲ್ಲಕ್ಕಿಂತ ಹೆಚ್ಚಾಗಿ ಅವನ ಕಣ್ಣು ಚುಚ್ಚುತ್ತಿದ್ದುದು ಅಕ್ಕನ ಕೊರಳಿನ ರೂಪಾಯಿ. ಅದು ಅವನು ಕೊಂಡ ಮೊಟ್ಟಮೊದಲ ನಾಣ್ಯ. ಇನ್ನೂ ಮೀಸೆ ಮೂಡುತ್ತಿದ್ದ ವಯಸ್ಸಿನಲ್ಲಿ ಗುಜರಿ ಅಂಗಡಿಯ ತಟ್ಟೆಯಿಂದ ಆರಿಸಿ ತಂದದ್ದು. ಅಕ್ಕ ನರ್ಸ್ ಕೆಲಸಕ್ಕೆ ಸೇರಲು ಮೊದಲ ಸಲ ಊರು ಬಿಟ್ಟು ಹೊರಟಾಗ, ಏನು ಕೊಡುವುದೆಂದು ತೋಚದೆ ಅದನ್ನೇ ಅವಳ ಕೈಗೆ ತುರುಕಿದ್ದ. ಅಕ್ಕ ಮೊದಲ ರಜೆಗೆ ಬಂದಾಗ ನೋಡುತ್ತಾನೆ, ಯಾವನೋ ಅಕ್ಕಸಾಲಿಯಿಂದ ಅದಕ್ಕೊಂದು ಕೊಂಡಿ ಬೆಸೆಸಿ ಸರಕ್ಕೆ ಹಾಕಿಕೊಂಡಿದ್ದಾಳೆ. ಅದೂ ತಲೆಕೆಳಗಾಗಿ! ಬಾದಶಹ ಅವತ್ತಿನಿಂದ ಅಕ್ಕನ ಎದೆಯ ಮೇಲೆ ಶೀರ್ಷಾಸನ ಹಾಕಿಕೊಂಡೇ ಇದ್ದ.

ತಲೆಕೆಳಗಾದದ್ದು ಒಂದು ಸಂಕಟವಾದರೆ, ಬೆಸುಗೆ ಕೂತ ಜಾಗ ಇನ್ನೊಂದು. ನಾಣ್ಯ ಸವೆದು ಬಾದಶಹನ ಹೆಸರೊಂದೇ ಕಾಣುತ್ತಿತ್ತು. ಈ ರೂಪಾಯಿಗಳಲ್ಲಿ ಎರಡು ಬಗೆ. ಒಂದರಲ್ಲಿ 'ಏಳು ನಾಡುಗಳಲ್ಲಿ ನಡೆಯುವ ನಾಣ್ಯ' ಎಂಬ ಉದ್ದನೆಯ ಪದ್ಯವಿದ್ದರೆ, ಇನ್ನೊಂದರಲ್ಲಿ ಬರೀ 'ಶುಭ ನಾಣ್ಯ' ಎಂದಿರುತ್ತದೆ. ಅಕ್ಕನದು ಯಾವ ಬಗೆಯೆಂದು ಹೇಳಬೇಕಾದ ಕೆಳಸಾಲು ಸರಿಯಾಗಿ ಆ ಕೊಂಡಿಯ ಅಡಿಗೇ ಸಿಕ್ಕಿಕೊಂಡಿತ್ತು. ಮೊದಲ ನಾಣ್ಯವನ್ನೇ ಓದಲಾಗದವನು ಮಿಕ್ಕಿದ್ದನ್ನು ಓದಿ ಏನು ಉದ್ಧಾರವಾದ ಎಂದು ಅವನ ಹೊಟ್ಟೆ ಉರಿಯುತ್ತಿತ್ತು.

"ಅಕ್ಕಾ, ಒಂದೇ ಒಂದು ಸಲ ಕೊಂಡಿ ತೆಗೆಸೋಣ ಕಣೇ."

"ಬೇಡ ಕಣೋ."

"ಅದು ತಲೆಕೆಳಗಾಗಿದೆ ಅಂತ ಎಷ್ಟು ಸಲ ಹೇಳಲಿ?"

"ಇರಲಿ ಬಿಡು."

ಬೇಡ ಮತ್ತು ಇರಲಿ ಬಿಡು. ವರ್ಷಗಟ್ಟಲೆ ಇವೆರಡೇ ಉತ್ತರ. ನಿವೃತ್ತಿಯಾದರೂ ಅಕ್ಕ ಎದೆಗೆ ಪಿನ್ನು ಹಾಕಿ ನರ್ಸ್ ಗಡಿಯಾರ ತೂಗಿಬಿಟ್ಟುಕೊಂಡೇ ಮನೆಯಲ್ಲಿ ಓಡಾಡುತ್ತಿದ್ದಳು. ತಮ್ಮ ಬಂದು ಗೊಣಗಲು ಶುರುಮಾಡಿದರೆ ಆ ಗಡಿಯಾರ ನೋಡಿಕೊಂಡು, "ಇವತ್ತು ಬೇಗ ಶುರುವಾಯ್ತು," ಎನ್ನುತ್ತಿದ್ದಳು.

ಹೀಗಿರುವಾಗ ಒಂದು ದಿನ ಕೊಂಡಿ ತಾನಾಗಿಯೇ ಸವೆದು ಬಿರುಕು ಬಿಟ್ಟಿತು. ಅಕ್ಕನಿಗೆ ಮೊಣಕಾಲು ನೋವು, ಪೇಟೆಯವರೆಗೆ ನಡೆಯಲಾಗದು. ಬೇರೆ ದಾರಿಯಿಲ್ಲದೆ ತಮ್ಮನನ್ನೇ ಕರೆಸಿದಳು.

"ಹೇಗಿತ್ತೋ ಹಾಗೇ ಹಾಕಿಸ್ಕೊಂಡು ಬಾ. ನಿನ್ನ ಬುದ್ಧಿ ಖರ್ಚು ಮಾಡಬೇಡ."

"ಆಯ್ತಕ್ಕಾ," ಎಂದ ತಿದ್ದಪ್ಪ. ಎಂದೂ ಇಲ್ಲದ ಆ ವಿನಯ ನೋಡಿಯಾದರೂ ಅಕ್ಕನಿಗೆ ಅನುಮಾನ ಬರಬೇಕಿತ್ತು.

ಅಕ್ಕಸಾಲಿಯ ಗೂಡಿನಂಥ ಅಂಗಡಿಯಲ್ಲಿ ಉರಿಯ ಮುಂದೆ ಕೊಂಡಿ ಕಳಚಿತು. ತಿದ್ದಪ್ಪ ಭೂತಗನ್ನಡಿ ಹಿಡಿದು ಬಾಗಿದ. ಬೆಸುಗೆ ಕೆರೆದ ಜಾಗದಲ್ಲಿ, ಇಷ್ಟು ವರ್ಷ ಯಾರ ಬೆರಳೂ ತಾಗದೆ ಉಳಿದ ಅಕ್ಷರಗಳು ಮಸುಕಾಗಿ ಎದ್ದಿದ್ದವು. 'ಶುಭ ನಾಣ್ಯ.' ಸಂಶಯವೇ ಇಲ್ಲ. ಅವನಿಗೆ ಕುಣಿಯುವಷ್ಟು ಖುಷಿಯಾಯಿತು. ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಕ್ಷರಗಳ ಗುರುತು ಇಳಿಸಿಕೊಂಡು, ಮಡಿಸಿ ಜೇಬಿಗಿಟ್ಟ.

"ಕೊಂಡಿ ಮೊದಲಿದ್ದ ಕಡೆಗೇ ತಾನೆ ಸಾರ್?" ಎಂದ ಅಕ್ಕಸಾಲಿ.

ಸುಮ್ಮನೆ ಹೂಂ ಎಂದಿದ್ದರೆ ಮುಗಿದಿತ್ತು. ಆದರೆ ತಪ್ಪಿದೆ ಎಂದು ತಿಳಿದೂ ತಿಳಿದೂ ಕರಡನ್ನು ಹಾಗೇ ಅಚ್ಚಿಗೆ ಕಳಿಸುವವನೇ ಅವನು? "ಅಲ್ಲ, ಎದುರು ಕಡೆಗೆ. ಆ ಅಂಚು ಮೇಲೆ ಬರಬೇಕು," ಎಂದುಬಿಟ್ಟ. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡುವುದಿಲ್ಲ ಎಂದು ಗಾದೆಯಿದೆ. ಇಲ್ಲಿ ಅಕ್ಕಸಾಲಿ ಪಾಪ ಹೇಳಿದಷ್ಟು ಮಾಡಿದ, ಅಕ್ಕನ ಬೆಳ್ಳಿಯನ್ನು ಬಿಡದವನು ತಮ್ಮನೇ.

ಮನೆಗೆ ತಂದುಕೊಟ್ಟ ಸರವನ್ನು ಅಕ್ಕ ಹಾಕಿಕೊಂಡಳು. ಎದುರಿಗೆ ನಿಂತ ತಿದ್ದಪ್ಪನಿಗೆ ಬಾದಶಹ ಕೊನೆಗೂ ನೆಟ್ಟಗೆ ಕಂಡ. ಜನ್ಮದ ತುರಿಕೆಯೊಂದು ನಿಂತಂತಾಯಿತು. ಅಕ್ಕ ಅಭ್ಯಾಸದಂತೆ ನಾಣ್ಯವನ್ನು ಎರಡು ಬೆರಳಲ್ಲಿ ಎತ್ತಿ, ತಲೆ ಬಗ್ಗಿಸಿ ನೋಡಿದಳು. ಅವಳ ಮುಖ ಇಳಿಯಿತು.

"ಏನೋ ಮಾಡಿದೆ ಇದನ್ನ? ತಲೆಕೆಳಗಾಗಿದೆಯಲ್ಲೋ!"

"ತಲೆಕೆಳಗಾ? ಈಗ ಸರಿಯಾಗಿದೆ ಕಣೇ! ಇಷ್ಟು ದಿನ ತಲೆಕೆಳಗಾಗಿತ್ತು!"

"ಯಾರಿಗೆ?"

ಅಕ್ಕ ಎದೆಯ ಗಡಿಯಾರವನ್ನು ಅವನತ್ತ ತಿರುಗಿಸಿದಳು. "ಇದನ್ನ ನೋಡು. ಹನ್ನೆರಡು ಎಲ್ಲಿದೆ? ಕೆಳಗೆ. ಎದುರಿಗಿರೋರಿಗೆ ತಲೆಕೆಳಗು, ಹಾಕ್ಕೊಂಡೋಳಿಗೆ ನೆಟ್ಟಗೆ. ನಾಡಿ ಹಿಡಿದಾಗ ಓದೋದು ನಾನು ತಾನೆ? ಇಷ್ಟು ವರ್ಷ ಇದನ್ನ ನೋಡಿದೀಯ, ಒಂದು ದಿನವೂ ಹೊಳೀಲಿಲ್ವಾ ನಿನ್ನ ತಲೆಗೆ? ಅಕ್ಕಸಾಲಿಗೆ ನಾನೇ ಹೇಳಿ ಹಾಗೆ ಹಾಕಿಸಿದ್ದೆ."

"ಆದ್ರೆ ನಿಂಗೆ ಪಾರಸಿ ಓದೋಕೆ ಬರಲ್ವಲ್ಲಕ್ಕಾ..."

"ನೀನು ಓದಿ ಹೇಳಿದ್ಯಲ್ಲೋ. ನೆನಪಿಲ್ವಾ? ನಾನು ಹೊರಟ ದಿನ ಅಳ್ತಾ ಇದ್ದೆ, ಗೊತ್ತಿಲ್ಲದ ಊರು ಅಂತ. ನೀನು ಬಂದು, ಅಕ್ಕಾ, ಇದನ್ನ ಹೀಗೆ ಹಿಡೀಬೇಕು, ಇದರಲ್ಲಿ ಬರೆದಿದೆ, ಈ ನಾಣ್ಯ ಏಳು ನಾಡಲ್ಲೂ ನಡೆಯುತ್ತೆ ಅಂದಿದ್ದೆ. ಆಮೇಲೆ ಎಷ್ಟು ಸಲ ವರ್ಗ ಆಯ್ತು, ಎಷ್ಟು ಆಸ್ಪತ್ರೆ! ಪ್ರತಿಸಲ ಹೊಸ ವಾರ್ಡಿನ ಬಾಗಿಲಲ್ಲಿ ನಿಂತು ಇದನ್ನ ಎತ್ತಿ ನೋಡ್ಕೊಳ್ತಿದ್ದೆ. ಇದು ನಡೆಯುತ್ತೆ ಅಂದ್ಮೇಲೆ ನಾನೂ ನಡೀತೀನಿ ಅಂತ ಒಳಗೆ ಹೋಗ್ತಿದ್ದೆ."

ಆ ದಿನಗಳಲ್ಲಿ ತಿದ್ದಪ್ಪನಿಗೆ ಪಾರಸಿಯ ಒಂದಕ್ಷರವೂ ಬರುತ್ತಿರಲಿಲ್ಲ. ಯಾವುದೋ ಪುಸ್ತಕದಲ್ಲಿ ಬೇರೊಂದು ರೂಪಾಯಿಯ ಚಿತ್ರದ ಕೆಳಗಿದ್ದ ಮಾತನ್ನು ಇದಕ್ಕೆ ಅಂಟಿಸಿ ಜಂಬ ಕೊಚ್ಚಿರಬೇಕು. ಹೇಳಿ ಮರೆತೂ ಬಿಟ್ಟಿದ್ದ. ಜಗತ್ತಿನ ತಪ್ಪನ್ನೆಲ್ಲ ತಿದ್ದುತ್ತ ತಿರುಗಿದವನ ಮೊದಲ ತಪ್ಪು ಅಕ್ಕನ ಕೊರಳಲ್ಲಿ ನೇತಾಡಿಕೊಂಡು ಊರೂರು ಸುತ್ತಿ ಬಂದಿತ್ತು. ತನ್ನ ಮೇಲೆ ತನಗೇ ಇಷ್ಟು ಸಿಟ್ಟು ಅವನಿಗೆ ಎಂದೂ ಬಂದಿರಲಿಲ್ಲ.

"ಕೊಡಿಲ್ಲಿ. ಮೊದಲಿನ ಹಾಗೇ ಮಾಡಿಸ್ಕೊಂಡು ಬರ್ತೀನಿ," ಎಂದ. ಅಕ್ಕಸಾಲಿ ಆಗಲೇ ಎಚ್ಚರಿಸಿದ್ದ: ಅದೇ ಜಾಗಕ್ಕೆ ಇನ್ನೊಮ್ಮೆ ಉರಿ ತಾಗಿದರೆ ಅಲ್ಲಿ ಉಳಿದಿರುವ ಅಕ್ಷರವೂ ಕರಗಿಹೋಗುತ್ತದೆ.

ಅಕ್ಕ ಸರ ಬಿಚ್ಚಿ ಅವನ ಅಂಗೈಗೆ ಹಾಕಿದಳು. "ಅಷ್ಟು ವರ್ಷ ತಲೆ ತಿಂದ್ಯಲ್ಲ, ಕೊಂಡಿ ಅಡಿಯಲ್ಲಿ ಏನಿತ್ತೋ ಕೊನೆಗೆ?"

ಜೇಬಿನ ಕಾಗದಕ್ಕೆ ಅವನ ಕೈ ಹೋಯಿತು. ಅಲ್ಲೇ ನಿಂತಿತು.

"ಏಳು ನಾಡು ಅಂತ ಇತ್ತಕ್ಕಾ."

"ಮತ್ತಿನ್ನೇನಿರುತ್ತೆ? ಅವತ್ತೇ ಹೇಳಿದ್ದೆಯಲ್ಲ ನೀನು," ಎಂದಳು ಅಕ್ಕ, ಗಡಿಯಾರ ನೋಡಿಕೊಳ್ಳುತ್ತ. "ಸುಮ್ನೆ ಒಂದು ಕೊಂಡಿ ಕೀಳಿಸಿದೆ. ಹೋಗು, ಅಂಗಡಿ ಮುಚ್ಚೋದ್ರೊಳಗೆ ಹೋಗಿ ಬಾ."