ಆ ಕರಪತ್ರ ಬರೆದದ್ದು ಯಾಕೆ?

ಆ ಹುಡುಗಿ ಬ್ಯಾಗಿನಿಂದ ತೆಗೆದು ನನ್ನ ಮೇಜಿನ ಮೇಲಿಟ್ಟದ್ದು ‘ಕಾಣೆಯಾಗಿದ್ದಾರೆ’ ಎಂಬ ಕರಪತ್ರ. ಫೋಟೊದಲ್ಲಿದ್ದ ಹೆಂಗಸು ಅವಳ ತಾಯಿ ಎಂದು ನನಗೆ ತಿಳಿದದ್ದೇ ಆಗ.

ಹಿಂದೂಪುರದ ಕನ್ನಡ ಶಾಲೆಯೊಂದರಲ್ಲಿ ಒಂಬತ್ತನೇ ತರಗತಿಗೆ ಪಾಠ ಹೇಳುತ್ತೇನೆ. ಬರೆದವರ ಉದ್ದೇಶ ಗುರುತಿಸುವುದನ್ನು ಕಲಿಸಲು, ಮನೆಯಿಂದ ಅಚ್ಚಾದ ಒಂದು ಕಾಗದ ತನ್ನಿ ಎಂದಿದ್ದೆ. ಉಳಿದವರು ಮದುವೆ ಕಾರ್ಡು, ಸೀರೆ ಅಂಗಡಿಯ ಜಾಹೀರಾತು ತಂದಿದ್ದರು. ಕರಪತ್ರವನ್ನು ಮೆಲ್ಲಗೆ ಬದಿಗಿಡಲು ಹೋದೆ. ಅವಳು ಬಿಡಲಿಲ್ಲ. “ಇದ್ರ ಬಗ್ಗೇನೂ ಕೇಳಿ ಮೇಡಂ” ಎಂದಳು.

“ಇದನ್ನ ಯಾಕೆ ಬರೆದಿದ್ದಾರೆ?” ಎಂದು ಕೇಳಿದೆ. “ಹುಡುಕಿ ಕೊಡ್ಲಿ ಅಂತ!” ಎಂದು ತರಗತಿಯೆಲ್ಲ ಒಟ್ಟಿಗೆ ಕೂಗಿತು.

ಅವಳೊಬ್ಬಳು ತಲೆಯಾಡಿಸಿದಳು. “ಅಲ್ಲ ಮೇಡಂ. ಫೋನ್ ನಂಬರ್ ಎಲ್ಲೈತೆ ಹೇಳಿ? ಫೋಟೋನೂ ಮದ್ವೇದು, ನಮ್ಮಮ್ಮ ಈಗ ಹಂಗಿಲ್ಲ. ಹುಡುಕ್ತಾವ್ನೆ ಅಂತ ಊರೋರು ನಂಬ್ಲಿ ಅಂತ ನಮ್ಮಪ್ಪ ಹಾಕ್ಸವ್ನೆ, ಅಷ್ಟೆ.”

ಹಾಳೆ ತಿರುಗಿಸಿ ನೋಡಿದೆ. ನಂಬರ್ ಎಲ್ಲಿಯೂ ಇರಲಿಲ್ಲ. ಸಂಜೆ ಅವಳ ಸೋದರಮಾವನನ್ನು ಕರೆಸಿ, ಮೂವರೂ ಪೊಲೀಸ್ ಠಾಣೆಗೆ ಹೋದೆವು. ಆ ತಾಯಿ ಇನ್ನೂ ಸಿಕ್ಕಿಲ್ಲ.

ಅದೇ ಕರಪತ್ರ ಲೇಪಾಕ್ಷಿಯಲ್ಲಿ ನಾನು ಬಸ್ಸಿಗೆ ಕಾಯುವ ಗೋಡೆಯ ಮೇಲೂ ಅಂಟಿತ್ತು. ಒಂದು ತಿಂಗಳು ದಿನಾ ಬೆಳಿಗ್ಗೆ ಅದನ್ನು ಓದಿ, ‘ಪಾಪ, ಗಂಡ ಎಷ್ಟು ಒದ್ದಾಡುತ್ತಿದ್ದಾನೋ’ ಎಂದುಕೊಂಡು, ಮಕ್ಕಳಿಗೆ ಓದುವುದನ್ನು ಕಲಿಸಲು ಬಸ್ಸು ಹತ್ತಿದವಳು ನಾನು.